ಗುಡ್ಡ ಖಾಲಿಯಿಲ್ಲ

ಗುಡ್ಡದ ಬುಡದ ಮನೆ,
ಜೂನ್ ೧೧

ತಮ್ಮಾ,

"ಪ್ರೀತಿಯ" ಎಂದು ಬರೆಯಲು ಕೈ ಏಳಲಿಲ್ಲ; ಬೇಕಿದ್ದರೆ ನೀನೇ ಸೇರಿಸಿಕೋ. ಆರೋಗ್ಯವಾಗಿದ್ದೀಯ ತಾನೆ? ಇರಲೇಬೇಕು, ಈ ಕಾಗದ ಅರಗಿಸಿಕೊಳ್ಳಲು ಗಟ್ಟಿ ಜೀವ ಬೇಕು. ಅಮ್ಮ ಸೊರಗಿದ್ದಾಳೆ, ನಾಲಿಗೆ ಮಾತ್ರ ಚುರುಕಾಗಿದೆ.

ಗುಡ್ಡ ಬೋಳಿಸಿ ಸೈಟು ಮಾಡಲು ನೀನು ಕಳಿಸಿದ ಬುಲ್ಡೋಜರ್ ಸೋಮವಾರ ಬಂತು. ಡ್ರೈವರ್ ಇಳಿದು ಸುತ್ತ ನೋಡಿ, "ಅಕ್ಕಾ, ಖಾಲಿ ಜಾಗ ಅಂದಿದ್ರಲ್ಲ, ಇದು ಕಾಡಲ್ವಾ?" ಎಂದ. ನಗು ಬಂತು, ಮೈಯೂ ಉರಿಯಿತು. ಒಂದು ಕಾಲಕ್ಕೆ ಇದನ್ನು ಖಾಲಿ ಮಾಡಿದ್ದು ನೀನು. ದನ ಮೇಯಿಸುತ್ತೇನೆಂದು ಕಾಡಿಗೆ ಬೆಂಕಿಯಿಟ್ಟೆ. ಎರಡೇ ಮಳೆಗಾಲದಲ್ಲಿ ಮಣ್ಣು ಕೊಚ್ಚಿಹೋಯಿತು, ತೊರೆ ಬತ್ತಿತು, ನೀನು ದನಗಳನ್ನು ಮಾರಿ ಕೈತೊಳೆದುಕೊಂಡು ಹೊರಟೆ. ಆಮೇಲಿನ ಇಷ್ಟೂ ವರ್ಷ ನಾನು ಮಾಡಿದ ಘನಕಾರ್ಯ ಇಷ್ಟೇ: ಬೇಸಿಗೆಯಲ್ಲಿ ಸುತ್ತಲ ಹುಲ್ಲು ಕೆರೆದು ಬೆಂಕಿ ಒಳಗೆ ಬಾರದಂತೆ ನೋಡಿಕೊಂಡೆ, ನುಗ್ಗಿದ ಊರ ದನಗಳನ್ನು ಓಡಿಸಿದೆ. ಉಳಿದದ್ದು ಹಕ್ಕಿ, ಬಾವಲಿಗಳ ಕೆಲಸ. ಎಲ್ಲೋ ಹಣ್ಣು ತಿಂದು ಇಲ್ಲಿ ಹಿಕ್ಕೆ ಹಾಕಿದವು. (ನಿನ್ನ ಯೋಜನೆಗಳಿಗಿಂತ ಬಾವಲಿಯ ಹಿಕ್ಕೆ ಮೇಲು!) ಮೊದಲು ಮುಳ್ಳುಪೊದೆ ಎದ್ದಿತು, ಅದರ ನೆರಳಲ್ಲಿ ಅತ್ತಿ, ಈಗ ಅತ್ತಿಯ ಕೆಳಗೆ ಹೆಸರೇ ಗೊತ್ತಿಲ್ಲದ ಗಿಡಗಳು. ಬಂಡೆಯ ಸಂದಿಯಲ್ಲಿ ಮತ್ತೆ ನೀರು ಜಿನುಗುತ್ತಿದೆ. ಅಮ್ಮ ಅದರಲ್ಲಿ ಮುಖ ತೊಳೆದು ಮಗುವಿನ ಹಾಗೆ ಅತ್ತಳು. ಒಂದು ಸಲ ಎದ್ದಿತೆಂದು ಇನ್ನೊಂದು ಸಲವೂ ಏಳುತ್ತದೆ ಎಂದುಕೊಳ್ಳಬೇಡ. ಸುತ್ತಲಿನ ಕಾಡೂ ಹೋಗುತ್ತಿದೆ. ಆಮೇಲೆ ಬೀಜ ತರುವ ಹಕ್ಕಿ ಎಲ್ಲಿಂದ ಬರಬೇಕು, ನಿನ್ನ ಜೇಬಿನಿಂದಲೇ?

ಬುಲ್ಡೋಜರ್ ಬಂದ ದಾರಿಗೆ ಸುಂಕವಿಲ್ಲದೆ ವಾಪಸಾಯಿತು. ಪಾಲು ನನ್ನದೂ ಇದೆ, ಕೇಸು ಹಾಕುತ್ತೇನೆ ಎನ್ನುತ್ತೀಯಾ? ಹಾಕು. ನಾನು ಇಲ್ಲೇ ಇರುತ್ತೇನೆ.

ಆಯುಷ್ಯ ದೊಡ್ಡದಿರಲಿ, ಬುದ್ಧಿ ಅದಕ್ಕಿಂತ ಬೇಗ ಬರಲಿ.

ನಿನ್ನನ್ನು ಎತ್ತಿ ಆಡಿಸಿದ ತಪ್ಪಿಗೆ,
ಅಕ್ಕ

ತಾ.ಕ.: ಬುಲ್ಡೋಜರ್ ತಡೆದದ್ದು ನಾನಲ್ಲ, ಅಮ್ಮ. ಅದರ ಮುಂದೆ ಕಾಲು ಚಾಚಿ ಕೂತು, "ತಡಿಯಪ್ಪ, ನನ್ನ ಮಗನಿಗೆ ಫೋನ್ ಮಾಡಿಸ್ತೀನಿ. ಇದನ್ನ ಕಳಿಸಿದೋನು ಯಾರೇ ಆಗಿರ್ಲಿ, ನನ್ನ ಮಗ ಸುಮ್ನೆ ಬಿಡಲ್ಲ" ಎಂದಳು. ಡ್ರೈವರ್ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಕಳಿಸಿದ್ದು ಯಾರೆಂದು ಅವಳಿಗಿನ್ನೂ ಗೊತ್ತಿಲ್ಲ. ದಿನಾ ಸಂಜೆ ಬಾಗಿಲಲ್ಲಿ ನಿಂತು ನಿನ್ನ ದಾರಿ ಕಾಯುತ್ತಾಳೆ. ಬಾ, ನೀನೇ ಹೇಳು.