ಹೆಸರಿಗೆ ಬಿಟ್ಟ ಜಾಗ

ಮಾರ್ಚ್ 3
ಗಾಜಿನಮನೆ ಹೊಕ್ಕ ಕೂಡಲೇ ಕ್ಯಾಮೆರಾ ಲೆನ್ಸಿಗೆ ಮಂಜು. ದಿನಾ ಇದೇ ಗೋಳು. ಒರೆಸಿ ಪ್ರಯೋಜನವಿಲ್ಲ, ತಾನಾಗಿ ಬಿಡುವವರೆಗೆ ಸುಮ್ಮನೆ ಕೂರಬೇಕು. ಕೂತೆ. ತೋಟಗಾರ ಬಂದು, ಹೂಗಳ ಜೊತೆ ಮಾತು ಶುರು ಮಾಡಿದ್ದೀರಂತೆ ಎಂದು ಕಾಲೆಳೆದ. ಇನ್ಯಾರಿದ್ದಾರೆ ಮಾತಾಡಲು, ಎಂದೆ. ಪಾಪ, ಮುಖ ಪೆಚ್ಚಾಯಿತು.
ಆಂಥೂರಿಯಂ ಹೂಗಳ ಫೋಟೋ ತೆಗೆದೆ. ಒಂದೂ ಕ್ಯಾಲೆಂಡರಿಗೆ ಆಗುವಂಥದ್ದಲ್ಲ.

ಮಾರ್ಚ್ 5, ಸಂಜೆ
ಮಗಳ ಫೋನ್! ಎಷ್ಟೋ ತಿಂಗಳ ಮೇಲೆ. ಮದುವೆ ಗೊತ್ತಾಗಿದೆಯಂತೆ. ಹುಡುಗ ಒಳ್ಳೆಯವನಂತೆ. ಕಾರ್ಡಿಗೆ ನನ್ನ ಹೂವಿನ ಫೋಟೋನೇ ಬೇಕಂತೆ —
"ಹೂ ಒಂದು ಪಕ್ಕಕ್ಕಿರ್ಲಿ ಅಮ್ಮ, ಇನ್ನೊಂದ್ ಕಡೆ ಜಾಗ ಬಿಡು. ಹೆಸರುಗಳು ಬರ್ಬೇಕು."
ಯಾರ ಹೆಸರು ಎಂದು ಕೇಳಲಿಲ್ಲ. ಕೇಳುವುದೇನು, ಹೆತ್ತವಳು ನಾನು. ಅವಳಪ್ಪನಿಂದ ಬೇರೆಯಾಗಿ ಒಂಬತ್ತು ವರ್ಷ. ಆದರೇನು. ಅವನ ಮನೆಯಲ್ಲೇ ಬೆಳೆದಳು, ಅವನು ಆಮೇಲೆ ಕಟ್ಟಿಕೊಂಡ ಚಿಕ್ಕಮ್ಮನ ಕೈಯಡುಗೆ ಉಂಡಳು, ಸರಿ. ಕಾರ್ಡಿನಲ್ಲಿ ತಾಯಿ ಅಂದರೆ ತಾಯಿಯೇ.

ಮಾರ್ಚ್ 6
ಹೆಲಿಕೋನಿಯಾ. ಕೆಂಪು, ಅಂಚಿಗೆ ಹಳದಿ, ಜೋತುಬಿದ್ದ ಗೊಂಚಲು. ಬಲಕ್ಕೆ ಕೂರಿಸಿದೆ. ಹಿಂದಿನ ನೀರಿನ ಪೈಪು ಕಾಣದಿರಲೆಂದು ನೆಲಕ್ಕೆ ಮಲಗಿ ತೆಗೆದೆ. ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತಾ… ತೋಟಗಾರನೇ ಕೈ ಹಿಡಿದು ಎಬ್ಬಿಸಿದ.
ಮನೆಗೆ ಬಂದು ಕಂಪ್ಯೂಟರಿನಲ್ಲಿ ಫೋಟೋ ಕ್ರಾಪ್. ಮೇಲಿನ ಬಾಡಿದ ತುದಿ ಕತ್ತರಿಸಿದೆ. ಎಡಗಡೆ ಬರೀ ಹಸಿರು ನೆರಳು. ಅಕ್ಷರ ಹಿಡಿಸುತ್ತವೋ ಇಲ್ಲವೋ ನೋಡೋಣವೆಂದು ಅಲ್ಲಿ ನನ್ನ ಹೆಸರನ್ನೇ ಟೈಪ್ ಮಾಡಿದೆ. ಎಷ್ಟು ಲಕ್ಷಣವಾಗಿ ಕೂತಿತು! ಸ್ವಲ್ಪ ಹೊತ್ತು ನೋಡಿ, ಅಳಿಸಿ, ಕಳಿಸಿದೆ.

ಮಾರ್ಚ್ 8
ಜಾಗ ಸಾಲದಂತೆ. ಮತ್ತೆ ಕ್ರಾಪ್. ಹೂವನ್ನು ಇನ್ನಷ್ಟು ಅಂಚಿಗೆ ತಳ್ಳಿದೆ, ಒಂದು ಎಸಳು ಹೊರಗೇ ಹೋಯಿತು. ಕ್ಯಾಲೆಂಡರಿನವರು ಹೀಗೆ ಕೇಳಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದೆ. ಮಗಳಲ್ಲವಾ.

ಮಾರ್ಚ್ 27
ಕಾರ್ಡ್ ಬಂತು. ಮನೆಗಲ್ಲ, ಫೋನಿಗೆ. ಹೂ ಚೆಂದ ಬಂದಿದೆ. ಎಡಗಡೆ ಅವಳಪ್ಪನ ಹೆಸರು, ಪಕ್ಕದಲ್ಲಿ ಚಿಕ್ಕಮ್ಮನದು. ನನ್ನದು ಎಲ್ಲೂ ಇಲ್ಲ. ಜಾಗ ಬಿಟ್ಟವಳು ನಾನೇ, ಅದೂ ಎರಡೆರಡು ಸಲ.
ಊಟ ಸೇರಲಿಲ್ಲ. ಅತ್ತುಬಿಟ್ಟೆ.

ಏಪ್ರಿಲ್ 2
ಮಗಳು ಫೋನ್ ಮಾಡಿದ್ದಳು. ಹೂ ಎಲ್ಲರಿಗೂ ಹಿಡಿಸಿತಂತೆ. ಹೆಸರಿನ ವಿಷಯ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆಮೇಲೆ —
"ಅಮ್ಮ, ಮದುವೆಗೆ ಕ್ಯಾಮೆರಾ ತಗೊಂಡ್ ಬಾ. ಫೋಟೋ ತೆಗೆಯೋಕೆ ಬಂದಿದ್ದೀಯ ಅಂದ್ರೆ ಯಾರೂ ಏನೂ ಕೇಳಲ್ಲ."
ಆಗಲ್ಲ ಅನ್ನಲು ಬಾಯಿ ತೆರೆದೆ. ಬರ್ತೀನಿ ಅಂದುಬಿಟ್ಟೆ. ಮಾನ ಮರ್ಯಾದೆ ಒಂದೂ ಇಲ್ಲ ನನಗೆ.

ಏಪ್ರಿಲ್ 19, ಬೆಳಿಗ್ಗೆ
ಇವತ್ತೇ. ಬ್ಯಾಟರಿಗಳು ಚಾರ್ಜ್ ಆಗಿವೆ. ರೇಷ್ಮೆ ಸೀರೆ ತೆಗೆದು ನೋಡಿ ಮತ್ತೆ ಒಳಗಿಟ್ಟೆ. ಕಪ್ಪು ಬಟ್ಟೆ ತೊಟ್ಟಿದ್ದೇನೆ, ಫೋಟೋದವರು ಹಾಕುವಂಥದ್ದು. ಚಿಕ್ಕಮ್ಮನನ್ನು ಅಂಚಿಗೆ ನಿಲ್ಲಿಸಿ ಆಮೇಲೆ ಕತ್ತರಿಸಬಹುದು… ಥೂ, ನನ್ನ ಕೈಲಾಗದು. ಎಲ್ಲರನ್ನೂ ಫ್ರೇಮಿನಲ್ಲಿ ಹಿಡಿಸುತ್ತೇನೆ. ಆದರೆ ಮನೆಯವರೆಲ್ಲ ಸಾಲಾಗಿ ನಿಂತಾಗ ಮಗಳು ಒಂದೇ ಒಂದು ಸಲ, ಅಮ್ಮ ನೀನೂ ಬಾ ಅಂದರೆ, ಕ್ಯಾಮೆರಾವನ್ನು ಯಾರ ಕೈಗೆ —