ನಾಲ್ಕನೇ ದಿನದ ಅಡುಗೆ

ಅಡುಗೆಮನೆಯ ಮೇಜು, ಮೂರನೇ ಮಹಡಿ
ಮಾರ್ಚ್ ೧೪, ಶುಕ್ರವಾರ, ಮಧ್ಯಾಹ್ನ

ತಾತನಾಗಿ ಇಂದಿಗೆ ಏಳು ದಿನವಾದ ನಮ್ಮ ಮನೆಯವರಿಗೆ,

ಮೊನ್ನೆ ಹನ್ನೊಂದನೇ ತಾರೀಕು, ಮಂಗಳವಾರ, ಬೆಳಿಗ್ಗೆ ಒಂಬತ್ತೂವರೆಗೆ ನೀವು ಫೋನಿನಲ್ಲಿ ನಮ್ಮ ಸೊಸೆಗೆ ಒಂದು ಕತೆ ಹೇಳಿದಿರಿ. ಹೇಳಬಾರದಿತ್ತು. ಇದನ್ನು ಮೊದಲ ಸಾಲಿನಲ್ಲೇ ಬರೆದುಬಿಟ್ಟೆ, ಯಾಕೆಂದರೆ ಕ್ಷೇಮಸಮಾಚಾರದಿಂದ ಶುರುಮಾಡಿದರೆ ನನ್ನ ಕೋಪ ಅರ್ಧ ದಾರಿಯಲ್ಲೇ ಆರಿಹೋಗುತ್ತದೆ, ಆ ಗುಟ್ಟು ನಿಮಗೆ ಚೆನ್ನಾಗಿ ಗೊತ್ತು. ಇನ್ನು ಕ್ಷೇಮಸಮಾಚಾರ. ನಿಮ್ಮಕ್ಕನ ಮಂಡಿ ಹೇಗಿದೆ? ಆಪರೇಷನ್ ಆಗಿ ತಿಂಗಳಾಯಿತು, ಈಗ ಮೆಟ್ಟಿಲು ಹತ್ತಿಳಿಯಬೇಕಂತೆ. ಬೇಡ ಎಂದು ಹಟ ಮಾಡಿದರೆ ನೀವೂ ಜೊತೆಗೆ ಹತ್ತಿ. ನಿಮ್ಮ ಬಿ.ಪಿ. ಮಾತ್ರೆ ರಾತ್ರಿಯದ್ದು, ಬೆಳಗಿನದ್ದಲ್ಲ. ಫೋನು ಬಿಟ್ಟು ಕಾಗದ ಯಾಕೆ ಎಂದು ಕೇಳುತ್ತೀರಿ. ಫೋನಿನಲ್ಲಿ ನಿಮ್ಮಕ್ಕ ಸ್ಪೀಕರ್ ಹಾಕಿಸುತ್ತಾರೆ, ನೀವು ಎಲ್ಲಕ್ಕೂ ಹ್ಞೂಂ ಹ್ಞೂಂ ಅನ್ನುತ್ತೀರಿ. ಕಾಗದಕ್ಕೆ ಹ್ಞೂಂ ಅನ್ನಲಾಗದು.

ಮಗು ಚೆನ್ನಾಗಿದೆ. ಮೂರು ಕಿಲೋಗೆ ನೂರು ಗ್ರಾಂ ಕಡಿಮೆ. ಭೂಮಾಪನ ಇಲಾಖೆಯಲ್ಲಿ ಜನ್ಮವೆಲ್ಲ ಅಳೆದವರಿಗೆ ಸರಿಯಾದ ಅಂಕಿ ಕೊಡದೆ ಇರಲಾಗುತ್ತದೆಯೇ? ಆಕಳಿಸುವಾಗ ಥೇಟ್ ನೀವೇ, ಇಡೀ ಮುಖ ಬಾಯಿಯಾಗುತ್ತದೆ. ಪಾಪ, ಹೆಣ್ಣುಮಗು, ದೊಡ್ಡದಾದ ಮೇಲೆ ಸರಿಹೋಗಬಹುದು.

ಫ್ರೀಜರಿನ ವಿಷಯ ನಿಮಗೆ ಅರ್ಧ ಮಾತ್ರ ಗೊತ್ತು. ನೀವು ಅಕ್ಕನ ಮನೆಗೆ ಹೋದ ಮೂರನೇ ದಿನ, ಮುಚ್ಚಿಹೋದ ಐಸ್‌ಕ್ರೀಮ್ ಅಂಗಡಿಯಿಂದ ಹಳೆಯ ಪೆಟ್ಟಿಗೆ ಫ್ರೀಜರೊಂದನ್ನು ಮಗ ತಂದು ಚಪ್ಪಲಿ ಗೂಡಿನ ಪಕ್ಕ ಇಟ್ಟ. ಅದರ ಮೈಮೇಲೆ ಈಗಲೂ ಒಂದು ಕರಡಿ ಕೋನ್ ನೆಕ್ಕುತ್ತಿದೆ. ಹೆರಿಗೆಯಾದ ಮೇಲೆ ನಲವತ್ತು ದಿನ ಈ ಮನೆಯಲ್ಲಿ ಯಾರೂ ಅಡುಗೆಗೆಂದು ಒಲೆಯ ಮುಂದೆ ನಿಲ್ಲಬಾರದು, ನಾನು ಕೂಡ, ಎಂದು ನಿರ್ಧಾರ ಮಾಡಿದ್ದೆ. ಮೊದಲ ದಿನವೇ ಎಡವಟ್ಟಾಯಿತು. ನನ್ನ ಕೈಗೆ ಹನ್ನೊಂದು ಜನರ ಅಳತೆ ಬಿಟ್ಟು ಬೇರೆ ಅಳತೆ ಬರುವುದಿಲ್ಲ. ಕಾಳು, ಕೋಳಿ, ಕುಂಬಳಕಾಯಿ ಸೂಪು ಎಲ್ಲವನ್ನೂ ದೊಡ್ಡ ದೊಡ್ಡ ಡಬ್ಬಿಗೆ ತುಂಬಿ ಇಟ್ಟೆ. ಮರುದಿನ ಒಂದನ್ನು ತೆಗೆದರೆ ಕಟ್ಟಡಕ್ಕೆ ಹಾಕುವ ಕಲ್ಲು. ಲಿಫ್ಟ್ ರಿಪೇರಿ ಮಾಡುವ ಮಗ ತನ್ನ ಉಪಕರಣದ ಚೀಲ ಬಿಚ್ಚಿ ಕೂತ. "ಅಮ್ಮಾ, ಇದಕ್ಕೆ ಡ್ರಿಲ್ಲೇ ಬೇಕು. ಅದಿರ್ಲಿ, ಬರ್ತಿರೋದು ಒಂದು ಮಗು ತಾನೇ, ಸೈನ್ಯ ಅಲ್ವಲ್ಲ?" ಎಂದ. ಎಲ್ಲವನ್ನೂ ಕರಗಿಸಿ, ಮತ್ತೆ ಕುದಿಸಿ, ಒಂದು ವಾರ ನಾವೇ ಬೆಳಿಗ್ಗೆ ಸಂಜೆ ತಿಂದು ಮುಗಿಸಿದೆವು. ಕುಂಬಳಕಾಯಿ ಅಂದರೆ ಮಗ ಈಗಲೂ ಎದ್ದು ಹೋಗುತ್ತಾನೆ.

ಆಮೇಲೆ ಕಲಿತೆ. ಒಂದು ಡಬ್ಬಿಗೆ ಒಂದು ಊಟ. ಪೂರ್ತಿ ಆರಿದ ಮೇಲೆ ತುಂಬಬೇಕು, ಮೇಲೆ ಒಂದು ಬೆರಳು ಜಾಗ ಬಿಡಬೇಕು, ಇಲ್ಲದಿದ್ದರೆ ಹೆಪ್ಪುಗಟ್ಟಿ ಉಬ್ಬಿ ಮುಚ್ಚಳ ಹಾರುತ್ತದೆ. ಆಲೂಗಡ್ಡೆ ಹಾಕಲೇಬಾರದು, ಕರಗಿದ ಮೇಲೆ ಹಿಟ್ಟು ಹಿಟ್ಟಾಗುತ್ತದೆ. ಇದು ಗೊತ್ತಾಗುವ ಹೊತ್ತಿಗೆ ಹನ್ನೆರಡು ಡಬ್ಬಿ ತುಂಬಿಯಾಗಿತ್ತು, ಚಮಚ ಹಿಡಿದು ಹೋಳು ಹೋಳಾಗಿ ಹೆಕ್ಕಿದೆ. ಗ್ರಂಥಾಲಯದಲ್ಲಿ ಇಪ್ಪತ್ತಾರು ವರ್ಷ ಪುಸ್ತಕಗಳ ಬೆನ್ನಿಗೆ ಚೀಟಿ ಅಂಟಿಸಿದ ಕೈ ಇದು, ಡಬ್ಬಿಗಳಿಗೂ ಅಂಟಿಸಿತು: ಏನು, ಯಾವತ್ತು ಮಾಡಿದ್ದು, ಎಷ್ಟು ನಿಮಿಷ ಬಿಸಿ ಮಾಡಬೇಕು, ಕೊನೆಯ ಸಾಲಿನಲ್ಲಿ 'ಕೂತು ತಿನ್ನು'. ಸೊಸೆ ಓದಿ ನಕ್ಕಳು. "ಅಲ್ಲ ಅತ್ತೆ, ಇದನ್ನೂ ಬರೀಬೇಕಾ? ನಿಂತ್ಕೊಂಡು ಯಾರು ತಿಂತಾರೆ?" ನಾನು ಮುಂದಿನ ಚೀಟಿಗೂ ಅದನ್ನೇ ಬರೆದೆ. ಡಾಕ್ಟರು ಹೇಳಿದ ತಾರೀಕಿಗಿಂತ ಹದಿಮೂರು ದಿನ ಮೊದಲೇ ಅವಳಿಗೆ ನೋವು ಬಂದಾಗ ಫ್ರೀಜರಿನಲ್ಲಿ ಎಂಬತ್ತಾರು ಡಬ್ಬಿ ಇದ್ದವು. ಆಸ್ಪತ್ರೆಗೆ ಹೊರಡುವ ಗಡಿಬಿಡಿಯಲ್ಲೂ ಒಮ್ಮೆ ಮುಚ್ಚಳ ಎತ್ತಿ ನೋಡಿಯೇ ಹೋದೆ. ಏನು ನೆಮ್ಮದಿ ಅನ್ನುತ್ತೀರಿ!

ಈಗ ಮಂಗಳವಾರ. ಹೆತ್ತು ನಾಲ್ಕನೇ ದಿನ. ಮಗ ಜನನ ಪತ್ರಕ್ಕೆಂದು ಹೋಗಿದ್ದ, ನಾನು ಕೆಳಗಿನ ಔಷಧಿ ಅಂಗಡಿಗೆ ಇಳಿದಿದ್ದೆ. ಇಪ್ಪತ್ತು ನಿಮಿಷವೂ ಆಗಿರಲಿಲ್ಲ. ಬಾಗಿಲು ತೆಗೆದರೆ ಈರುಳ್ಳಿ ಹುರಿಯುವ ವಾಸನೆ. ಸೊಸೆ ಒಲೆಯ ಮುಂದೆ ನಿಂತಿದ್ದಳು, ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈ ಕಟ್ಟೆಯನ್ನು ಬಿಗಿಯಾಗಿ ಹಿಡಿದಿತ್ತು. ಮುಖ ಬಿಳಿಚಿಕೊಂಡಿತ್ತು. ಮಧ್ಯಾಹ್ನ ಅವಳು ಕೆಲಸ ಮಾಡುವ ಕನ್ನಡಕದ ಅಂಗಡಿಯಿಂದ ಮೂವರು ಮಗು ನೋಡಲು ಬರುವವರಿದ್ದರು. "ಮಾವ ಫೋನ್ ಮಾಡಿದ್ರು ಅತ್ತೆ. ನೀವು ನಾಲ್ಕನೇ ದಿನಕ್ಕೇ ಎದ್ದು ಹನ್ನೊಂದು ಜನಕ್ಕೆ ಅಡುಗೆ ಮಾಡಿದ್ರಂತೆ. ನನಗೆ ಮೂರು ಜನಕ್ಕೆ ಮಾಡೋಕಾಗಲ್ವಾ? ಫ್ರೀಜರ್ ತುಂಬಿಸ್ಕೊಂಡು ಮಲಗಿರೋಕೆ ನಾಚಿಕೆ ಆಗುತ್ತೆ." ಒಲೆ ಆರಿಸಿದೆ. ಅವಳ ಬಟ್ಟೆಯ ಮೇಲೆ ರಕ್ತದ ಕಲೆ ಕಂಡಿತು.

ಮೇಲಿನ ಮಹಡಿಯ ನರ್ಸಮ್ಮನ ಮನೆಗೆ ಬರಿಗಾಲಲ್ಲಿ ಓಡಿದೆ. ಈ ವಯಸ್ಸಿನಲ್ಲಿ ಎರಡೆರಡು ಮೆಟ್ಟಿಲು ಒಟ್ಟಿಗೆ ಹಾರಿದೆ. ಆಕೆ ಡ್ಯೂಟಿ ಮುಗಿಸಿ ಬಂದು ಮಲಗಿದ್ದವರು, ಕೆದರಿದ ತಲೆಯಲ್ಲೇ ಇಳಿದು ಬಂದು, ಬಾಗಿಲು ಹಾಕಿಕೊಂಡು ನೋಡಿದರು. ಆ ಐದು ನಿಮಿಷ ಮಗುವನ್ನು ಎತ್ತಿಕೊಂಡು ನಡುಮನೆಯಲ್ಲಿ ನಿಂತಿದ್ದೆ, ಗಡಿಯಾರದ ಸದ್ದು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಆಕೆ ಹೊರಗೆ ಬಂದು, "ಹೊಲಿಗೆ ಬಿಟ್ಟಿಲ್ಲ. ಈ ರಕ್ತ ಮಾಮೂಲಿ. ಆದರೆ ಇವಳು ಇನ್ನೊಂದ್ಸಲ ಒಲೆ ಹತ್ರ ಕಂಡ್ರೆ ಮಂಚಕ್ಕೆ ಕಟ್ಟಿಹಾಕ್ತೀನಿ, ಜೊತೆಗೆ ನಿಮ್ಮನ್ನೂ" ಎಂದರು. ಅಲ್ಲೇ ನೆಲದ ಮೇಲೆ ಕೂತು ನಕ್ಕೆ. ಅಳುವೂ ಬಂದಿತ್ತೋ ಏನೋ. ನರ್ಸಮ್ಮನಿಗೆ ಎರಡು ಡಬ್ಬಿ ಕೊಟ್ಟು ಕಳಿಸಿದೆ. ಬೇಡ ಬೇಡ ಅನ್ನುತ್ತಲೇ ಯಾವುದರಲ್ಲಿ ಕೋಳಿ ಇದೆ ಎಂದು ಕೇಳಿಕೊಂಡರು.

ಮಧ್ಯಾಹ್ನ ಮಗ ಐದು ಡಬ್ಬಿ ಬಿಸಿ ಮಾಡಿದ. ಕನ್ನಡಕದ ಅಂಗಡಿಯ ಮೂವರೂ ಹೊಟ್ಟೆತುಂಬ ತಿಂದು ತಟ್ಟೆ ತೊಳೆದಿಟ್ಟು ಹೋದರು. ಸೊಸೆ ದಿಂಬಿಗೆ ಒರಗಿ ಉಂಡಳು. ಅವಳ ಪಕ್ಕದಲ್ಲಿ ಕೂತು ನೀವು ಹೇಳಿದ ಕತೆಯ ಉಳಿದ ಭಾಗ ಹೇಳಿದೆ. ನಮ್ಮ ಬಳಗದಲ್ಲಿ ಮೂವತ್ತಮೂರು ವರ್ಷದಿಂದ ಎಲ್ಲರ ಬಾಯಲ್ಲೂ ಓಡಾಡಿದ ಕತೆ ಅದು, 'ಎಂಥ ಗಟ್ಟಿಗಿತ್ತಿ' ಎಂಬಲ್ಲಿಗೆ ಎಲ್ಲರೂ ನಿಲ್ಲಿಸುತ್ತಾರೆ. ಅಕ್ಟೋಬರ್ ಹತ್ತೊಂಬತ್ತು, ನಾನು ಮಗನನ್ನು ಹೆತ್ತ ನಾಲ್ಕನೇ ದಿನ. ನನ್ನ ಅತ್ತೆಗೆ ಜ್ವರ. ನಿಮ್ಮಕ್ಕ ಕೋಣೆಯ ಬಾಗಿಲಲ್ಲಿ ನಿಂತು "ಊಟಕ್ಕೆ ಏನು ಮಾಡೋದು?" ಎಂದು ಕೇಳಿದರು. ಕೇಳಿದ್ದು ನನ್ನನ್ನು. ಎದ್ದೆ, ಮಾಡಿದೆ. ಎರಡು ದಿನಕ್ಕೆ ಹೊಲಿಗೆ ಬಿಟ್ಟು ಕೀವಾಗಿ ಮತ್ತೆ ಆಸ್ಪತ್ರೆ ಸೇರಿದೆ, ಒಂಬತ್ತು ದಿನ ಮಗ ಅಲ್ಲಿ ಇಲ್ಲಿ ಬಾಟಲಿ ಹಾಲು ಕುಡಿದ. ಇದು ಯಾರ ಕತೆಯಲ್ಲೂ ಇಲ್ಲ. ನಾನು ಓದಿದ ಚರಿತ್ರೆಯ ಪುಸ್ತಕಗಳೂ ಹೀಗೇ, ಕೋಟೆ ಎಷ್ಟು ಬೇಗ ಎದ್ದಿತು ಎಂದು ಬರೆಯುತ್ತವೆ, ಕಲ್ಲಿನಡಿ ಸಿಕ್ಕಿದವರನ್ನು ಬಿಡುತ್ತವೆ. ಸೊಸೆ ತಿನ್ನುವುದನ್ನು ನಿಲ್ಲಿಸಿ ಕೇಳಿದಳು, "ಮಾವಂಗೆ ಇದು ಗೊತ್ತಿಲ್ವಾ?" ಗೊತ್ತು ಎಂದೆ. ಮರೆತಿರಬಹುದು ಎಂದೂ ಸೇರಿಸಿದೆ, ನಿಮ್ಮ ಮಾನ ಉಳಿಸಲು.

ನೀವು ಮೆಚ್ಚುಗೆಯಿಂದಲೇ ಹೇಳಿದ್ದು, ಬಲ್ಲೆ. ಆ ಮೆಚ್ಚುಗೆ ಇನ್ನು ಸಾಕು. ಇವತ್ತು ನರ್ಸಮ್ಮ ಮತ್ತೆ ಬಂದು ನೋಡಿ, ಎಲ್ಲ ಚೆನ್ನಾಗಿ ಮಾಯುತ್ತಿದೆ ಎಂದರು. ತಾಯಿ ಮಗು ಇಬ್ಬರೂ ನಿದ್ದೆಯಲ್ಲಿದ್ದಾರೆ. ಒಲೆ ತಣ್ಣಗಿದೆ. ನಾನು ಹಗಲು ಹೊತ್ತಿನಲ್ಲಿ ಮೇಜಿನ ಮುಂದೆ ಕೂತು ಕಾಗದ ಬರೆಯುತ್ತಿದ್ದೇನೆ, ಇದಕ್ಕಿಂತ ಸುಖ ಇನ್ನೇನು? ನಿಮ್ಮಕ್ಕನಿಗೆ ನನ್ನ ನಮಸ್ಕಾರ ತಿಳಿಸಿ, ಬೇಗ ಗುಣವಾಗಲಿ. ಅವರ ಮೇಲೆ ನನಗೀಗ ಕೋಪವಿಲ್ಲ. ಇಪ್ಪತ್ತೆರಡಕ್ಕೆ ನೀವು ಬರುವಾಗ ಸ್ವೆಟರ್ ಮರೆಯಬೇಡಿ, ಮೊಮ್ಮಗಳನ್ನು ಎತ್ತಿಕೊಳ್ಳುವ ಮೊದಲು ಕೈ ತೊಳೆಯಿರಿ.

ಬೀದಿದೀಪ ಹಾಕಿಸಿ ಎಂದು ನಗರಸಭೆಗೆ ಹನ್ನೊಂದು ಅರ್ಜಿ ಬರೆದದ್ದಕ್ಕೆ ನೀವೇ ಹೆಸರಿಟ್ಟ,
ಅರ್ಜಿದಾರಳು

ಮರೆತಿದ್ದೆ: ಸೊಸೆಗೆ ಒಂದನ್ನು ಹೇಳಲಿಲ್ಲ. ಅವತ್ತು ನೀವು ಅಡುಗೆಮನೆಯ ಬಾಗಿಲಿಗೆ ಬಂದಿರಿ. ನಾನು ಕಟ್ಟೆ ಹಿಡಿದು ನಿಂತದ್ದನ್ನು ನೋಡಿದಿರಿ. ಸೌಟಿನಿಂದ ಒಂದು ತೊಟ್ಟು ಅಂಗೈಗೆ ಹಾಕಿಕೊಂಡು, "ಉಪ್ಪು ಸ್ವಲ್ಪ ಕಡಿಮೆ ಆಯ್ತು" ಎಂದು ಹೇಳಿ ಹೋದಿರಿ. ಇಷ್ಟು ವರ್ಷ ನಿಮ್ಮಕ್ಕನನ್ನು ದೂರಿದ್ದು ಅದೇ ಸುಲಭವಾಗಿತ್ತು ಎಂದು. ಇಪ್ಪತ್ತಮೂರು, ಭಾನುವಾರ, ಬಳಗವೆಲ್ಲ ಮಗು ನೋಡಲು ಬರುತ್ತದೆ, ಯಾರಾದರೂ ಆ ಕತೆ ತೆಗೆದೇ ತೆಗೆಯುತ್ತಾರೆ, ಸೊಸೆ ಕೇಳಿಸಿಕೊಳ್ಳುತ್ತಿರುತ್ತಾಳೆ. ಕೋಣೆಯಲ್ಲಿ ನನ್ನ ಕಿವಿಯಲ್ಲಿ ತಪ್ಪಾಯಿತು ಅನ್ನುವುದು ಬೇಡ, ತೆಗೆದುಕೊಳ್ಳುವುದಿಲ್ಲ. ಅಲ್ಲೇ, ಎಲ್ಲರ ಎದುರು, ಎದ್ದು ನಿಂತು ಉತ್ತರ ಕೊಡಿ: ಅವತ್ತು ಆ ಒಲೆ ಆರಿಸಿ ನನ್ನನ್ನು ಒಳಗೆ ಕಳಿಸಬೇಕಾಗಿದ್ದವರು ಯಾರು?