ಒಂಟಿಗವಿಯ ಆರನೇ ದಿನ

ಎರಡನೇ ವೈಶಾಖದ ಮೂವತ್ತಾರನೇ ದಿನ,
ನಿಮ್ಮ ಎಣಿಕೆಯಲ್ಲಿ ಸುಮಾರು ಎರಡು ಸಾವಿರದ ಮುನ್ನೂರ ಹದಿನೇಳನೇ ಇಸವಿ.
ಗುಳೇದಗುಡ್ಡ, ಬಂಡೆಯೊಳಗಿನ ಊರು.

ನನಗಿಂತ ಮುನ್ನೂರು ವರ್ಷ ಮೊದಲು ಬದುಕಿದ ಹಿರಿಯರಿಗೆ ದಾನವ್ವ ಮಾಡುವ ಶರಣು.

ಮೇಲಿನ ತಾರೀಖು ನೋಡಿ ನಗಬೇಡಿ. ನಮ್ಮ ಬೇಸಿಗೆ ಒಂದು ವೈಶಾಖದಲ್ಲಿ ಹಿಡಿಯಲಿಲ್ಲ, ಹಾಗಾಗಿ ಹಿಂದಿನವರು ಇನ್ನೊಂದನ್ನು ಸೇರಿಸಿ ಅದನ್ನೂ ಸ್ವಲ್ಪ ಉದ್ದ ಮಾಡಿದರು. ನನ್ನ ಬರಹದಲ್ಲಿ ನಿಮಗೆ ಗೊತ್ತಿಲ್ಲದ ಪದಗಳು ಬರುತ್ತವೆ. ಬಂದ ಕಡೆಯೇ ಬಿಡಿಸಿ ಹೇಳುತ್ತೇನೆ, ಮರೆತರೆ ಮನ್ನಿಸಿ. ಅಕ್ಷರ ಸೊಟ್ಟಗಾಗಿದ್ದರೆ ಅದು ವಯಸ್ಸಿನಿಂದಲ್ಲ, ಹೆದರಿಕೆಯಿಂದ. ನಾನು ಬೆನ್ನು ಆನಿಸಿ ಕೂತಿರುವ ಈ ಕಲ್ಲಿನ ಕದದ ಆಚೆ ನನ್ನ ಮಗಳಿದ್ದಾಳೆ. ನಿನ್ನೆ ಮಧ್ಯಾಹ್ನದಿಂದ ಅವಳ ಸದ್ದಿಲ್ಲ.

ನಮ್ಮಲ್ಲಿ ಹಿರಿಯರಿಗೆ ಓಲೆ ಬರೆಯುವ ವಾಡಿಕೆ ಇದೆ. ಕಾಗದ ಸಿಗುವುದಿಲ್ಲ. ಖಣದ ಬಟ್ಟೆಯ ತುಂಡಿಗೆ ಗಂಜಿ ಹಾಕಿ ಒಣಗಿಸಿ, ಅದರ ಮೇಲೆ ಮಸಿಯಲ್ಲಿ ಬರೆದು, ಊರ ಅಂಚಿನ ಹಾಳು ಗೋಡೆಯ ಬಿರುಕಿಗೆ ತುರುಕುತ್ತೇವೆ. ಆ ಗೋಡೆ ನಿಮ್ಮ ಕಾಲದ್ದು. ನೀವು ಯಾರೂ ಇದುವರೆಗೆ ಉತ್ತರ ಬರೆದಿಲ್ಲ, ಆದರೂ ಬಿರುಕು ತುಂಬಿ ಓಲೆಗಳು ಹೊರಗೆ ಬೀಳುತ್ತಿವೆ. ಬದುಕಿರುವವರನ್ನು ಒಂದು ಮಾತು ಕೇಳಿದರೆ ನಮ್ಮಲ್ಲಿ ನಾಚಿಕೆಗೇಡು, ಸತ್ತವರನ್ನು ಕೇಳಿದರೆ ಭಕ್ತಿ. ಇದು ಎಂಥ ಬುದ್ಧಿ ಎಂದು ನೀವು ಕೇಳಬಹುದು. ನಾನೂ ಅದನ್ನು ಈ ಆರು ದಿನಗಳಲ್ಲಿ ಮೊದಲ ಸಲ ಕೇಳಿಕೊಂಡೆ.

ನಾವು ಹೀಗಾದದ್ದಕ್ಕೆ ಕಾರಣ ಇಲ್ಲದಿಲ್ಲ. ನನ್ನ ಅಜ್ಜಿಯ ಕಾಲದವರ ಕಿವಿಯಲ್ಲಿ ಕಿವಿಮಣಿ ಇರುತ್ತಿತ್ತು. ಗೋಧಿಕಾಳಿನಷ್ಟು ಯಂತ್ರ. ಲೋಕದ ಬಲ್ಲವರೆಲ್ಲರ ಬುದ್ಧಿಯನ್ನು ಅದರೊಳಗೆ ತುಂಬಿದ್ದರಂತೆ. ನೆಗಡಿಗೆ ಯಾವ ಕಷಾಯ, ಅತ್ತೆ ಬೈದರೆ ಏನು ಉತ್ತರ, ಇವತ್ತು ರೊಟ್ಟಿಗೆ ಯಾವ ಪಲ್ಯ, ಗಂಡ ಮಾತಾಡದೆ ಕೂತರೆ ಅದು ಸಿಟ್ಟೋ ಹೊಟ್ಟೆನೋವೋ, ಎಲ್ಲವನ್ನೂ ಮಣಿ ಹೇಳುತ್ತಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಮೊದಲೂ ಇದ್ದರು, ಆಗ ಊರಿಗೆ ಊರೇ ಹಾಗಾಯಿತು. ಒಂದು ಬೇಸಿಗೆ ಮಣಿಗಳು ಇದ್ದಕ್ಕಿದ್ದಂತೆ ಸುಮ್ಮನಾದವು. ಅಜ್ಜಿಯ ಅಣ್ಣ ಎರಡು ದಿನ ಹೊಸ್ತಿಲಲ್ಲೇ ನಿಂತಿದ್ದನಂತೆ, ಒಳಗೆ ಹೋಗುವುದೋ ಹೊರಗೆ ಹೋಗುವುದೋ ತಿಳಿಯದೆ. ಪಕ್ಕದ ಮನೆಯಲ್ಲಿ ಒಲೆಯ ಬೆಂಕಿ ಪರದೆಗೆ ಹತ್ತಿದಾಗ ಮನೆಯವರೆಲ್ಲ ಕಿವಿ ಮುಟ್ಟಿಕೊಂಡು ಮಣಿ ಏನಾದರೂ ಹೇಳೀತೆಂದು ಕಾಯುತ್ತ ಕೂತರು. ಕೊಡ ತುಂಬ ನೀರು ಅಲ್ಲೇ ಇತ್ತು. ಆ ಮನೆಯ ಕರಿಹಿಡಿದ ಗೋಡೆಯನ್ನು ನಮಗೆಲ್ಲ ಸಣ್ಣವರಿದ್ದಾಗ ಕೈಹಿಡಿದು ಕರೆದುಕೊಂಡು ಹೋಗಿ ತೋರಿಸುತ್ತಿದ್ದರು.

ಆ ಹೆದರಿಕೆಯಿಂದ ಒಂಟಿಗವಿ ಹುಟ್ಟಿತು. ಬಿಸಿಲಿಗೆ ಅಂಜಿ ನಾವು ಬಂಡೆ ಕೊರೆದು ಮನೆ ಮಾಡಿಕೊಂಡವರು. ಮುಂದಿನ ಕೋಣೆಯಲ್ಲಿ ಮಗ್ಗ, ಹಿಂದೆ ಒಲೆ, ನಡುವೆ ಒದ್ದೆ ಕಂಬಳಿಯ ತೆರೆ. ಮಧ್ಯಾಹ್ನ ತೆರೆ ತೋಯಿಸದ ಮನೆಯಲ್ಲಿ ಕೂಸುಗಳು ಅಳುವುದನ್ನೂ ಬಿಟ್ಟು ಮಂಕಾಗುತ್ತವೆ. ಮನೆಗಳ ಸಾಲು ಮುಗಿದ ಮೇಲೆ, ಗುಡ್ಡದ ಹೊಟ್ಟೆಯಲ್ಲಿ ಒಂದೇ ಕೋಣೆಯ ಗವಿ. ಯಾರಿಗೆ ಮನಸ್ಸಿನ ಕಷ್ಟ ಬಂದರೂ ಅಲ್ಲಿ ಒಂಬತ್ತು ದಿನ ಒಬ್ಬರೇ ಕೂತು, ದಾರಿಯನ್ನು ತಾವೇ ಹುಡುಕಿಕೊಂಡು ಬರಬೇಕು. ತನ್ನ ತಲೆಗೆ ತನ್ನದೇ ಕೈ ಎಂದು ಕದದ ಮೇಲೆ ಕೆತ್ತಿದೆ. ಒಳಗೆ ನೀರಿನ ಕೊಡ, ಹಾಸಿಗೆ, ರೊಟ್ಟಿ ಇಡಲು ಕೈಯಷ್ಟಗಲದ ಕಿಂಡಿ, ಕದಕ್ಕೊಂದು ಕಬ್ಬಿಣದ ಬಳೆ. ತಡೆಯಲಾಗದವರು ಆ ಬಳೆಯನ್ನು ಮೂರು ಸಲ ಬಡಿದರೆ ಕದ ತೆರೆಯುತ್ತದೆ. ಆದರೆ ಬಡಿದವರನ್ನು ಊರು ಕೇಳಿಕೊಂಡವರು ಎಂದು ಕರೆಯುತ್ತದೆ, ಸಭೆಯಲ್ಲಿ ಮೂರು ವರ್ಷ ಅವರ ಮಾತನ್ನು ಯಾರೂ ಕೇಳುವುದಿಲ್ಲ. ಬಡಿಯದೆ ಒಂಬತ್ತನೇ ದಿನ ಹೊರಬಂದವರಿಗೆ ಹೊಸ ಬಟ್ಟೆ ಹೊದಿಸಿ ಸಜ್ಜೆಯ ಸಿಹಿ ಮಾದಲಿ ಉಣ್ಣಿಸುತ್ತಾರೆ. ಈ ಗವಿಯ ಕೀಲಿ ಇಟ್ಟುಕೊಂಡವಳನ್ನು ಕದದವ್ವ ಅನ್ನುತ್ತಾರೆ. ಇಪ್ಪತ್ತೆರಡು ವರ್ಷದಿಂದ ಆ ಕದದವ್ವ ನಾನೇ. ಬಳೆ ಬಡಿಯದೆ ನಾನಾಗಿ ತೆರೆದರೆ, ಒಳಗಿದ್ದವರ ಜೊತೆ ನಾನೂ ಸಭೆಯಿಂದ ಹೊರಗೆ, ಬದುಕಿರುವವರೆಗೆ.

ನನ್ನ ಮಗಳ ಹೆಸರು ನಾಗಲಾಂಬಿಕೆ, ನಮಗೆ ನಾಗಿ. ನಲವತ್ತಾರು ದಿನದ ಹಿಂದೆ ಅವಳಿಗೆ ಹೆಣ್ಣು ಕೂಸು ಹುಟ್ಟಿತು. ಮೊದಲ ವಾರ ಎಲ್ಲ ಸರಿ ಇತ್ತು, ಅಥವಾ ನನಗೆ ಹಾಗೆ ಕಂಡಿತು. ಆಮೇಲೆ ಅವಳು ತಲೆ ಬಾಚಿಕೊಳ್ಳುವುದನ್ನು ಬಿಟ್ಟಳು. ಕೂಸನ್ನು ಎತ್ತಿಕೊಂಡರೆ ಬೇರೆಯವರ ಮನೆಯ ಪಾತ್ರೆ ಹಿಡಿದಂತೆ ಹಿಡಿಯುತ್ತಿದ್ದಳು. ಒಂದು ದಿನ ನೂಲು ಸುತ್ತುತ್ತ ಕೂತಿದ್ದಾಗ ನನ್ನ ಹತ್ತಿರ ಬಂದು, "ಯವ್ವಾ, ಕೂಸು ಅಳೂದು ನಿಂತ ಮ್ಯಾಲೂ ನನ್ನ ಕಿವ್ಯಾಗ ಅಳತೈತಿ. ಈ ಕೂಸು ನಂದಲ್ಲ ಅನಸ್ತೈತಿ. ನನಗ ನನ್ನದ ಅಂಜಿಕಿ ಆಗಾಕತ್ತೈತಿ" ಅಂದಳು. ನಾನು ನೂಲಿನಿಂದ ಕಣ್ಣು ಎತ್ತಲಿಲ್ಲ. "ಬಾಣಂತ್ಯಾರಿಗೆ ಹಂಗ ಆಗತೈತಿ, ಗಟ್ಟಿ ಆಗು. ಒಂಬತ್ತು ದಿನ ಗವ್ಯಾಗ ಕುಂತು ಬಾ, ಹಗುರ ಆಗ್ತಿ" ಅಂದೆ. ಅವಳು ಕೆಳಗೆ ಉರುಳಿದ್ದ ನೂಲಿನ ಉಂಡೆಯನ್ನು ಎತ್ತಿ ನನ್ನ ಪಕ್ಕಕ್ಕಿಟ್ಟಳು. ಆಮೇಲೆ "ಆತು ಯವ್ವಾ, ನಾನ ನೋಡ್ಕೋತೀನಿ" ಅಂದಳು. ನಲವತ್ತನೇ ದಿನ, ನೀರು ಹಾಕಿಸಿಕೊಂಡು ಬಂದ ಮಗಳನ್ನು ನನ್ನ ಕೈಯಾರೆ ಒಳಗೆ ಬಿಟ್ಟು ಕೀಲಿ ತಿರುಗಿಸಿದೆ. ಕದದವ್ವನ ಮಗಳು ಅಂದರೆ ಹೀಗಿರಬೇಕು ಎಂದು ಓಣಿಯವರು ಹೊಗಳಿದರು. ನನಗೆ ಅದು ಹಿತವಾಯಿತು, ಅದನ್ನೂ ಮುಚ್ಚಿಡುವುದಿಲ್ಲ.

ಮೊದಲ ದಿನ ಒಳಗಿಂದ ಅವಳು ನಡೆದಾಡುವುದು ಕೇಳುತ್ತಿತ್ತು. ಎರಡನೇ ದಿನ ಜೋಗುಳ ಹಾಡಿದಳು. ಒಳಗೆ ಕೂಸಿಲ್ಲ, ಕೂಸು ಅಳಿಯ ಗುರಸಿದ್ಧನ ಹೆಗಲ ಮೇಲೆ ಮನೆಯಲ್ಲಿದೆ. ಖಾಲಿ ಗವಿಯಿಂದ ಬರುವ ಜೋಗುಳ ಕೇಳಿ ಕದಕ್ಕೆ ಕಿವಿ ಹಚ್ಚಿದೆ. ಎದೆಯಲ್ಲಿ ಹಾಲಿದೆ, ಕೂಸಿನ ನೆನಪು ಬಿಡದು, ಹಾಡಿಕೊಳ್ಳಲಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮೂರನೇ ದಿನ ಕಿಂಡಿಯಲ್ಲಿ ಇಟ್ಟ ರೊಟ್ಟಿ ಹಾಗೇ ಉಳಿಯಿತು. ನಾಲ್ಕನೇ ದಿನವೂ ಉಳಿಯಿತು. ಗುರಸಿದ್ಧ ಕೂಸನ್ನು ತಂದು, "ಅತ್ತಿ, ಒಮ್ಮೆ ತಗೀರಿ, ಮಾರಿ ನೋಡಿ ಮುಚ್ಚರಿ" ಅಂದ. ಅವನಿಗೆ ನಿಯಮ ಹೇಳಿ ಕಳಿಸಿದೆ. ಬೇಲಿಯೇ ಎದ್ದು ಹೊಲ ಮೇಯಬಾರದು ಎಂದೂ ಸೇರಿಸಿದೆ. ನಿನ್ನೆ ಮಧ್ಯಾಹ್ನ ಏನೋ ನೆಲಕ್ಕೆ ಒರಗಿದ ಸದ್ದು. ಅಷ್ಟೇ.

ಈ ಮೌನ ನನಗೆ ಹೊಸದಲ್ಲ, ಅದಕ್ಕೇ ಇಷ್ಟು ಹೆದರಿಕೆ. ಹದಿನಾಲ್ಕು ವರ್ಷದ ಹಿಂದೆ ಈರಬಸಪ್ಪ ಮಾಸ್ತರು ಇದೇ ಗವಿಗೆ ಹೋದರು. ಹೆಂಡತಿ ತೀರಿಕೊಂಡ ಮೇಲೆ ಅವರಿಗೆ ಪಾಠ ಹೇಳಲು ಆಗುತ್ತಿರಲಿಲ್ಲ, ಎದೆಯ ಮೇಲೆ ಯಾರೋ ಕೂತಂತಾಗುತ್ತದೆ ಅನ್ನುತ್ತಿದ್ದರು. ಏಳನೇ ದಿನ ಸುಮ್ಮನಾದರು. ಒಂಬತ್ತನೇ ದಿನ ಕದ ತೆರೆದಾಗ ಅವರಿರಲಿಲ್ಲ, ಬರೀ ದೇಹ ಇತ್ತು. ಗಟ್ಟಿ ಮನುಷ್ಯ, ಕೊನೆಯವರೆಗೂ ಬಡಿಯಲಿಲ್ಲ ಎಂದು ನಾನು ಊರಿಗೆ ಹೇಳಿದೆ. ಊರು ಅವರ ಹೆಸರಲ್ಲಿ ಕಲ್ಲು ನಿಲ್ಲಿಸಿತು. ಹಿರಿಯರೇ, ಅದು ಸುಳ್ಳು. ಕದದ ಬಳೆ ತುಕ್ಕು ಹಿಡಿದು ಅಂಟಿಕೊಂಡಿತ್ತು. ಮಾಸ್ತರು ಕೈಯಿಂದ ಬಡಿದಿದ್ದರು, ಅವರ ಬೆರಳಿನ ಗೆಣ್ಣುಗಳು ಸುಲಿದಿದ್ದವು. ಏಳನೇ ದಿನ ಆ ಸಣ್ಣ ಸದ್ದು ನನಗೆ ಕೇಳಿತ್ತು. ನಿಯಮ ಬಳೆಯದ್ದು, ಮೂರು ಸಲದ್ದು, ಇದು ಲೆಕ್ಕಕ್ಕಿಲ್ಲ ಎಂದುಕೊಂಡು ನಾನು ಮಗ್ಗಕ್ಕೆ ಹೋಗಿ ಕೂತೆ. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಆಮೇಲೆ ಪ್ರತಿ ಅಮಾವಾಸ್ಯೆಗೆ ಬಳೆಗೆ ಎಣ್ಣೆ ಹಾಕುತ್ತ ಬಂದೆ, ಪಾಪ ತೊಳೆಯಿತು ಎಂದುಕೊಂಡೆ. ಈಗ ಬಳೆ ಸಲೀಸಾಗಿ ತಿರುಗುತ್ತದೆ. ನನ್ನ ಮಗಳು ಬಡಿಯುತ್ತಿಲ್ಲ.

ನಾವು ನೇಕಾರರು. ಮಗ್ಗಕ್ಕೆ ಹಾಸಿದ ನೂಲಿನ ಒಂದು ಎಳೆ ಹರಿದರೆ ಯಾರನ್ನೂ ಕರೆಯುವುದಿಲ್ಲ, ಬೆರಳಿಗೆ ಎಂಜಲು ಹಚ್ಚಿ ನಾವೇ ಗಂಟು ಹಾಕುತ್ತೇವೆ. ಮಗ್ಗದ ಕಂಬ ಸೀಳಿದರೆ ಬಡಿಗನ ಮನೆಗೆ ಓಡುತ್ತೇವೆ, ಅದರಲ್ಲಿ ಯಾರಿಗೂ ನಾಚಿಕೆ ಇಲ್ಲ. ಎಳೆಗೂ ಕಂಬಕ್ಕೂ ಇರುವ ಈ ವ್ಯತ್ಯಾಸ ಆರು ವರ್ಷದ ಕೂಸಿಗೂ ಗೊತ್ತು. ಮಗ್ಗಕ್ಕೆ ಬಳಸುವ ಅಷ್ಟು ಬುದ್ಧಿಯನ್ನು ಮಗಳಿಗೆ ಬಳಸಲು ನನಗೆ ಆರು ದಿನ ಬೇಕಾಯಿತು. ಬಾದಾಮಿಯ ಆಚೆ ಬಲ್ಲವರ ಕೇರಿ ಇದೆ, ಅಲ್ಲಿ ಮನಸ್ಸಿನ ವೈದ್ಯರಿದ್ದಾರೆ. ಅವರ ಹೆಸರನ್ನು ನಾವು ಬೈಗುಳಕ್ಕೆ ಬಳಸುತ್ತೇವೆ. ಇವತ್ತು ಬೆಳಗಾಗುತ್ತಲೇ ಗುರಸಿದ್ಧನನ್ನು, ಕೂಸನ್ನು ಅವನ ತಾಯಿಯ ಹತ್ತಿರ ಬಿಡಿಸಿ, ತಂಪುಬಂಡಿಯಲ್ಲಿ, ಅಂದರೆ ಬಿಸಿಲು ತಾಗದಂತೆ ದಪ್ಪ ಹೊದಿಕೆ ಹಾಕಿದ ಗಾಡಿಯಲ್ಲಿ, ಅಲ್ಲಿಗೆ ಕಳಿಸಿದೆ. ಇಡೀ ಓಣಿ ನೋಡಿತು. ಎಲ್ಲರೂ ತೆರೆ ಇಳಿಸಿಕೊಂಡರು. ಅವನು ಬರಲು ಇನ್ನೂ ಎರಡು ತಾಸು. ಅಷ್ಟರವರೆಗೆ ಕಾಯೋಣ, ಬಲ್ಲವರೇ ಬಂದು ತೆರೆಯಲಿ ಎಂದು ಕೂತು ಈ ಓಲೆ ಬರೆಯುತ್ತಿದ್ದೇನೆ. ಬರೆಯುತ್ತ ಬರೆಯುತ್ತ ಒಂದು ವಿಷಯ ಹೊಳೆಯಿತು. ಇದೂ ಕಿವಿ ಮುಟ್ಟಿಕೊಂಡು ಕೂತ ಹಾಗೇ ಆಯಿತಲ್ಲ. ಬೆಂಕಿ ಹತ್ತಿದೆ, ಕೊಡ ಪಕ್ಕದಲ್ಲಿದೆ, ಕೀಲಿ ನನ್ನ ಸೊಂಟದಲ್ಲಿದೆ.

ಬರೆಯುವುದನ್ನು ಅಲ್ಲಿಗೆ ಬಿಟ್ಟು ಎದ್ದಿದ್ದೆ. ಈಗ ಸಂಜೆಯಾಗಿದೆ, ಮುಂದಿನದನ್ನು ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ.

ಕದ ಪೂರ್ತಿ ತೆರೆಯಲಿಲ್ಲ, ಏನೋ ಅಡ್ಡ ಸಿಕ್ಕಿತು. ನಾಗಿಯೇ ಅದು. ಕದಕ್ಕೆ ಒರಗಿ ಕೂತಿದ್ದಳು, ನಾನು ಹೊರಗೆ ಬೆನ್ನು ಆನಿಸಿದ ಜಾಗದಲ್ಲೇ. ಬಾಯಿಯಲ್ಲಿ ಸೀರೆಯ ಸೆರಗು ತುರುಕಿಕೊಂಡಿದ್ದಳು. ಕಣ್ಣು ತೆರೆದಿತ್ತು. ಉಸಿರಿತ್ತು. ಸೆರಗು ತೆಗೆದು, ತುಟಿಗೆ ನೀರು ಹಚ್ಚಿ, ಯಾಕವ್ವಾ ಬಡಿಯಲಿಲ್ಲ ಎಂದು ಕೇಳಿದೆ. "ಬಡದ್ರ ನಿನ್ನ ಹೆಸರು ಕೆಡತಿತ್ತಲ್ಲ ಯವ್ವಾ" ಅಂದಳು. "ಹೊರಗ ನೀ ಉಸಿರಾಡೂದು ಕೇಳತಿತ್ತು. ನನ್ನ ದನಿ ಹೊರಗ ಬರಬಾರದಂತ ಬಾಯಾಗ ಸೆರಗು ಇಟಗೊಂಡೆ." ನಾನು ಅವಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅತ್ತೆ. ಇಪ್ಪತ್ತೆರಡು ವರ್ಷ ಈ ಕದದ ಮುಂದೆ ನಾನು ಅತ್ತಿರಲಿಲ್ಲ.

ವೈದ್ಯೆ ಹಾಜರಾಬಿ ಬಂದಾಗ ಬಿಸಿಲು ಇಳಿಮುಖವಾಗಿತ್ತು. ಕುಳ್ಳಗಿನ ಹೆಂಗಸು, ದಾರಿಯ ಧೂಳು ಒರೆಸಿಕೊಳ್ಳದೆ ಗವಿಯ ನೆಲದ ಮೇಲೆ ಕೂತಳು. ನಾನು ಎಲ್ಲವನ್ನೂ ಹೇಳಲು ಹೊರಟೆ, ಆಕೆ ಕೈಸನ್ನೆಯಿಂದ ತಡೆದು ನಾಗಿಯನ್ನೇ ಕೇಳಿದಳು: "ನಿದ್ದಿ ಮಾಡಿ ಎಷ್ಟ್ ದಿನಾ ಆತವ್ವಾ?" ನಾಗಿ ಬೆರಳು ಮಡಚುತ್ತ ಎಣಿಸಿ, ನಡುವೆ ತಪ್ಪಿ, ಮತ್ತೆ ಮೊದಲಿಂದ ಎಣಿಸಿದಳು. ಆಮೇಲೆ "ಹಡದ ದಿನದಿಂದ ಸರಿಯಾಗಿ ಮಲಗಿಲ್ರಿ" ಅಂದಳು. ನಲವತ್ತು ದಿನ ಅವಳ ಹಾಸಿಗೆಯ ಪಕ್ಕದಲ್ಲೇ ನನ್ನ ಹಾಸಿಗೆ ಇತ್ತು. ನಾನು ಚೆನ್ನಾಗಿ ನಿದ್ದೆ ಮಾಡುತ್ತಿದ್ದೆ.

ಇದಕ್ಕೆ ಹೆಸರಿದೆಯಂತೆ, ಔಷಧವಿದೆಯಂತೆ, ಮೊದಲೇ ಕರೆದಿದ್ದರೆ ಇಷ್ಟು ಆಳಕ್ಕೆ ಇಳಿಯುತ್ತಿರಲಿಲ್ಲವಂತೆ. ಗುಣವಾಗುತ್ತದೆಯೇ ಎಂದು ಕೇಳಿದೆ. "ಔಷಧ ನಾ ಕೊಡ್ತೀನಿ, ಕೈ ನೀವು ಹಿಡೀರಿ, ಏಳೂದು ಮಾತ್ರ ಆಕಿನ ಏಳಬೇಕು" ಅಂದಳು. "ತಿಂಗಳುಗಟ್ಟಲೆ ಆಗತೈತಿ. ಆಕಿನ್ನ ಒಬ್ಬಾಕಿನ ಬಿಡಬ್ಯಾಡ್ರಿ, ಒಂದು ಗಳಿಗೀನೂ." ಹೆದರಿಕೆ ಹೋಗಿಲ್ಲ, ಹಿರಿಯರೇ. ನಾಗಿ ಮನೆಯ ಒಳಕೋಣೆಯಲ್ಲಿ ಮಲಗಿದ್ದಾಳೆ, ಗುರಸಿದ್ಧ ಕೂಸನ್ನು ಎತ್ತಿಕೊಂಡು ಕಾಯುತ್ತಿದ್ದಾನೆ, ನಾನು ಎರಡು ಸಾಲು ಬರೆದು ಒಮ್ಮೆ ಎದ್ದು ಹೋಗಿ ಅವಳ ಮೂಗಿನ ಹತ್ತಿರ ಕೈ ಹಿಡಿದು ಬರುತ್ತೇನೆ. ನಾಳೆ ಸಭೆ ನನ್ನನ್ನು ಕರೆಯುತ್ತದೆ. ಮಾಸ್ತರ ಕೈಬೆರಳುಗಳ ವಿಷಯವನ್ನು ಅಲ್ಲಿ ಹೇಳುತ್ತೇನೆ. ಕದ ಒಡೆಯುತ್ತಾರೋ, ಇನ್ನೂ ಗಟ್ಟಿ ಕದ ಹಾಕಿ ಬೇರೆಯವಳ ಕೈಗೆ ಕೀಲಿ ಕೊಡುತ್ತಾರೋ, ನನಗೆ ಗೊತ್ತಿಲ್ಲ.

ನೀವು ಇನ್ನೂ ಈ ಗವಿ ಕೊರೆದಿಲ್ಲ. ನಿಮ್ಮ ಮನೆಗಳಿಗೆ ಮರದ ಬಾಗಿಲುಗಳಿವೆಯಂತೆ, ತಳ್ಳಿದರೆ ತೆರೆಯುತ್ತವಂತೆ. ಈ ಓಲೆ ನಿಮ್ಮನ್ನು ಮುಟ್ಟಿದರೆ ನನ್ನದು ಒಂದೇ ಬೇಡಿಕೆ. ನಿಮ್ಮ ಮನೆಯಲ್ಲಿ ಯಾರು ನಿದ್ದೆ ಮಾಡುತ್ತಿಲ್ಲವೋ, ಈಗಲೇ ಎದ್ದು ಹೋಗಿ ಕೇಳಿ. ಏನಿಲ್ಲ ಅಂದರೆ ಇನ್ನೊಮ್ಮೆ ಕೇಳಿ. ನನಗೆ ಉತ್ತರ ಆಮೇಲೆ ಬರೆದರೂ ನಡೆಯುತ್ತದೆ.

ದಾನವ್ವ